‘ಸೇವ್’ ಮಾಡಿದ್ದು ಎಲ್ಲಿಗೆ ಹೋಯಿತು?



ಕಂಪ್ಯೂಟರಿನಲ್ಲಿ ಒಂದು ಪ್ರಬಂಧವನ್ನು ಟೈಪ್ ಮಾಡಿ ‘ಸೇವ್’ ಗುಂಡಿ ಒತ್ತುತ್ತೀರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಆ ಕ್ಷಣಕ್ಕೇ ಪ್ರಬಂಧ ಡಿಸ್ಕನ್ನು ಸೇರಿರುತ್ತದೆಯೇ? ಅನೇಕ ಸಲ ಸೇರಿರುವುದಿಲ್ಲ! ಹಾಗಾದರೆ ಅದು ಎಲ್ಲಿರುತ್ತದೆ?

ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ನಡೆಸುವ ಮುಖ್ಯ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು. ಲಿನಕ್ಸ್ ಅಂಥ ಒಂದು ವ್ಯವಸ್ಥೆ. ಅದರ ತಿರುಳಿನ ಭಾಗವೇ ಕರ್ನಲ್. 1991ರಲ್ಲಿ ಫಿನ್ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಇದನ್ನು ಬರೆಯತೊಡಗಿದರು. ಆಂಡ್ರಾಯ್ಡ್ ಫೋನುಗಳಲ್ಲಿ ಕೆಲಸ ಮಾಡುವುದೂ ಇದೇ ಕರ್ನಲ್.

ಮೊದಲು ಮೆಮೊರಿ, ಆಮೇಲೆ ಡಿಸ್ಕ್

ಮೆಮೊರಿಗೆ ಬರೆಯುವುದು ಬಹಳ ವೇಗದ ಕೆಲಸ. ಡಿಸ್ಕಿಗೆ ಬರೆಯುವುದು ನಿಧಾನ. ಆದ್ದರಿಂದ ಕರ್ನಲ್ ನಿಮ್ಮ ಬರಹವನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ‘ಸರಿ, ತೆಗೆದುಕೊಂಡೆ’ ಎನ್ನುತ್ತದೆ. ಸಾಮಾನ್ಯವಾಗಿ ಅರ್ಧ ನಿಮಿಷದ ಬಳಿಕ ಅದನ್ನು ಡಿಸ್ಕಿಗೆ ಬರೆಯುತ್ತದೆ. ನಡುವೆ ವಿದ್ಯುತ್ ಹೋದರೆ ಬರಹವೂ ಹೋಯಿತು! ಅದಕ್ಕಾಗಿ ಮುಖ್ಯ ಕೆಲಸದ ತಂತ್ರಾಂಶಗಳು ‘ಎಫ್‌ಸಿಂಕ್’ ಎಂಬ ಆಜ್ಞೆ ಕೊಡುತ್ತವೆ. ‘ಈಗಲೇ ಡಿಸ್ಕಿಗೆ ಬರೆ. ಬರೆದ ಮೇಲೆ ಹೇಳು, ಅಲ್ಲಿಯವರೆಗೆ ಕಾಯುತ್ತೇನೆ’ ಎಂಬುದು ಅದರ ಅರ್ಥ.

ತಪ್ಪಾದರೆ ಯಾರಿಗೆ ಹೇಳಬೇಕು?

ಡಿಸ್ಕಿನ ಒಂದು ಜಾಗ ಕೆಟ್ಟಿರಬಹುದು. ಯಾರೋ ಪೆನ್ ಡ್ರೈವ್ ಕಿತ್ತುಕೊಂಡಿರಬಹುದು. ಆಗ ಬರೆಯಲು ಆಗುವುದಿಲ್ಲ. ಒಂದೇ ಕಡತವನ್ನು ಎರಡು ಮೂರು ತಂತ್ರಾಂಶಗಳು ತೆರೆದಿರುವುದೂ ಉಂಟು. ಹಿಂದೆ ಕರ್ನಲ್ ಆ ಕಡತಕ್ಕೆ ‘ತಪ್ಪಾಗಿದೆ’ ಎಂಬ ಗುರುತು ಹಾಕುತ್ತಿತ್ತು. ಮೊದಲು ಎಫ್‌ಸಿಂಕ್ ಕೇಳಿದವರಿಗೆ ಸುದ್ದಿ ಹೇಳಿ, ಗುರುತನ್ನು ಅಳಿಸಿಬಿಡುತ್ತಿತ್ತು!

ಇದರಿಂದ ಏನಾಗುತ್ತದೆ? ಶಾಲೆಯ ಕರಿಹಲಗೆಯ ಮೇಲೆ ‘ನಾಳೆಯ ಪ್ರವಾಸ ರದ್ದಾಗಿದೆ’ ಎಂದು ಬರೆದಿದೆ ಎನ್ನಿ. ಮೊದಲು ಓದಿದವನು ಅದನ್ನು ಒರೆಸಿಬಿಟ್ಟರೆ, ಉಳಿದವರೆಲ್ಲ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದು ನಿಲ್ಲುತ್ತಾರೆ ಅಲ್ಲವೇ?

2017ರಲ್ಲಿ ಬಂದ ಲಿನಕ್ಸ್ 4.13ರಲ್ಲಿ ಇದನ್ನು ಸರಿಪಡಿಸಿದರು. ಈಗ ಗುರುತಿನ ಬದಲು ಒಂದು ಸಂಖ್ಯೆ ಇದೆ. ಹೊಸ ತಪ್ಪು ನಡೆದರೆ ಆ ಸಂಖ್ಯೆ ಬದಲಾಗುತ್ತದೆ. ಕಡತ ತೆರೆದ ಪ್ರತಿಯೊಬ್ಬರ ಲೆಕ್ಕದಲ್ಲೂ ಅವರು ಕೊನೆಗೆ ನೋಡಿದ ಸಂಖ್ಯೆ ಇರುತ್ತದೆ. ಎರಡೂ ಬೇರೆಯಾಗಿದ್ದರೆ ತಪ್ಪು ನಡೆದಿದೆ ಎಂದರ್ಥ. ಒಬ್ಬರು ನೋಡಿದ ಮಾತ್ರಕ್ಕೆ ಸುದ್ದಿ ಅಳಿಯದು.

ಎರಡನೆಯ ಸಲ ಕೇಳಿದರೆ?

2018ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ದೊಡ್ಡ ಪ್ರಮಾಣದ ಮಾಹಿತಿ ಕಾಯ್ದಿಡುವ ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶ, ಎಫ್‌ಸಿಂಕ್ ವಿಫಲವಾದರೆ ಮತ್ತೊಮ್ಮೆ ಕೇಳುತ್ತಿತ್ತು. ಎರಡನೆಯ ಸಲ ‘ಸರಿ’ ಎಂಬ ಉತ್ತರ ಬಂದರೆ, ಬರೆದಾಯಿತು ಎಂದು ನಂಬುತ್ತಿತ್ತು. ನಿಜಕ್ಕೂ ಕರ್ನಲ್ ಒಮ್ಮೆ ಸೋತ ಆ ಪುಟಗಳನ್ನು ‘ಕೆಲಸ ಮುಗಿದ ಪುಟಗಳು’ ಎಂದೇ ಎಣಿಸಿ, ಮತ್ತೆ ಬರೆಯುವ ಪ್ರಯತ್ನವನ್ನೇ ಬಿಟ್ಟಿರಬಹುದಿತ್ತು. ಮಾಹಿತಿ ಸದ್ದಿಲ್ಲದೆ ಕಳೆದುಹೋಗುವ ಅಪಾಯವಿತ್ತು.

2019ರ ಫೆಬ್ರವರಿಯಲ್ಲಿ ಬಂದ ಆವೃತ್ತಿಗಳಲ್ಲಿ ಪೋಸ್ಟ್‌ಗ್ರೆಸ್ ತನ್ನ ರೀತಿಯನ್ನು ಬದಲಿಸಿತು. ಎಫ್‌ಸಿಂಕ್ ವಿಫಲವಾದರೆ ಅದು ತಕ್ಷಣ ಕೆಲಸ ನಿಲ್ಲಿಸುತ್ತದೆ. ಪುನಃ ಆರಂಭವಾದಾಗ, ತಾನು ಮೊದಲೇ ಬರೆದಿಟ್ಟಿರುವ ದಿನಚರಿಯನ್ನು ಓದಿ ಎಲ್ಲವನ್ನೂ ಸರಿಪಡಿಸಿಕೊಳ್ಳುತ್ತದೆ. ಕೆಲಸ ನಿಂತರೂ ಚಿಂತೆಯಿಲ್ಲ, ಸುಳ್ಳು ‘ಸರಿ’ ಬೇಡ ಎಂಬುದೇ ಇದರ ನೀತಿ.

ಪೆನ್ ಡ್ರೈವನ್ನು ‘ಸುರಕ್ಷಿತವಾಗಿ ತೆಗೆಯಿರಿ’ ಎಂಬ ಆಜ್ಞೆ ಕೊಟ್ಟೇ ಏಕೆ ತೆಗೆಯಬೇಕು ಎಂದು ಈಗ ನಿಮಗೆ ಹೊಳೆದಿರಬೇಕು. ಮೆಮೊರಿಯಲ್ಲಿ ಉಳಿದಿರುವುದೆಲ್ಲ ಡಿಸ್ಕಿಗೆ ಹೋಗಲು ಅದು ಸಮಯ ಕೊಡುತ್ತದೆ.

ಮಾಡಿ ನೋಡಿ

ನಿಮ್ಮಲ್ಲಿ ಒಬ್ಬರು ಕರ್ನಲ್ ಆಗಿ, ನಾಲ್ವರು ತಂತ್ರಾಂಶಗಳಾಗಿ. ನಾಲ್ವರೂ ಒಬ್ಬೊಬ್ಬರಾಗಿ ಬಂದು ಹಲಗೆ ನೋಡಿ ಹೋಗಲಿ. ಮೊದಲ ಆಟದಲ್ಲಿ, ಮೊದಲು ಬಂದವರು ನೋಡಿದ ಕೂಡಲೇ ‘ತಪ್ಪು’ ಗುರುತನ್ನು ಒರೆಸಿ. ಎರಡನೆಯ ಆಟದಲ್ಲಿ ಒರೆಸಬೇಡಿ, ಸಂಖ್ಯೆ ಬರೆಯಿರಿ. ಪ್ರತಿಯೊಬ್ಬರೂ ತಾವು ಹಿಂದೆ ನೋಡಿದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಯಾವ ಆಟದಲ್ಲಿ ಎಷ್ಟು ಜನರಿಗೆ ಸುದ್ದಿ ತಲುಪಿತು ಎಂದು ಎಣಿಸಿ.