ತುಪ್ಪಟದ ಬೆಲೆ

ಕುಣಿಗಲ್ಲೆಂದರೆ ಕುದುರೆಯೆಂದೇ ಬಲ್ಲ ತುಮಕೂರಿನ ನಗರವಾಸಿಗಳು, ಅಲ್ಲಿಯೂ ಗುಬ್ಬಿಯ ಕಡೆಗೂ ಕೊಯ್ಲು ಮುಗಿದ ರಾಗಿಯ ಹೊಲಗಳಲ್ಲಿ ಇಳಿದಿರುವ ಕುರಿಮಂದೆಗಳನ್ನು ಗಮನಿಸುವುದು ಅಪರೂಪ. ರಾತ್ರಿ ಮಂದೆಯನ್ನು ಹೊಲದಲ್ಲಿ ತರುಬಿಸಿಕೊಂಡ ರೈತನಿಗೆ ಗೊಬ್ಬರವೂ, ಕುರಿಗಾಹಿಗೆ ದವಸವೋ ಹಣವೋ ಲಭಿಸುವುದೆಂಬುದು ಹಳೆಯ ಒಡಂಬಡಿಕೆ. ಮಾಂಸಕ್ಕೆ ಬೆಲೆಯುಂಟು, ಗೊಬ್ಬರಕ್ಕೂ ಉಂಟು; ಉಣ್ಣೆಗೆ ಮಾತ್ರ, ಕತ್ತರಿಸಿದ ಕೂಲಿ ಹುಟ್ಟಿದರೆ ಸಾಕೆಂಬ ಸ್ಥಿತಿ ಪ್ರಾಪ್ತವಾಗಿದೆ.

ಬಯಲುಸೀಮೆಯ ಕುರಿಯ ತುಪ್ಪಟವು ಒರಟು, ದೊರೆಯುವುದೂ ಅತ್ಯಲ್ಪ. ಆಸ್ಟ್ರೇಲಿಯದ ಮೆರಿನೋ ಉಣ್ಣೆಯ ಮಾನದಂಡದಿಂದ ಅಳೆದರೆ ಇದು ಸೋಲುವುದು ಸಹಜವೇ. ಆದರೆ ಕಂಬಳಿಗೆ ಬೇಕಾದುದು ಮಾರ್ದವಕ್ಕಿಂತ ಬಾಳಿಕೆ: ಕರಿಯ ಉಣ್ಣೆಯನ್ನು ಬಿಡಿಸಿ, ಹಿಂಜಿ, ರಾಟೆಯಲ್ಲಿ ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಸವರಿ ಒಣಗಿಸಿ, ಕುಣಿಮಗ್ಗದಲ್ಲಿ ನೇಯ್ದ ಕಂಬಳಿಯು, ಬಣ್ಣ ಹಾಕುವ ಹಂಗಿಲ್ಲದೆ, ಮಳೆಗೂ ಚಳಿಗೂ ಒದಗುವುದು. ಮೊದಲ ಕತ್ತರಿಯ ಮರಿಯುಣ್ಣೆ ಇನ್ನೂ ಮೃದು. ಅದನ್ನು ಮುದಿಕುರಿಯ ತುಪ್ಪಟದೊಡನೆ ಬೆರೆಸಿ ಮಾರುವುದು ಶುದ್ಧ ನಷ್ಟ.

ಹತ್ತಿಪ್ಪತ್ತು ಕುರಿಗಳನ್ನು ಸಾಕುವವರು, ಕತ್ತರಿ ಹಾಕುವ ಮುನ್ನ ಅವುಗಳ ಮೈತೊಳೆದು, ಉಣ್ಣೆಯನ್ನು ವಯಸ್ಸಿಗೂ ಬಣ್ಣಕ್ಕೂ ತಕ್ಕಂತೆ ಪ್ರತ್ಯೇಕಿಸಿ, ಊರಿನವರೆಲ್ಲ ಒಟ್ಟುಗೂಡಿ, ಚಳ್ಳಕೆರೆಯಂಥ ಕಡೆಗಳ ಕಂಬಳಿ ನೇಕಾರರಿಗೆ ನೇರವಾಗಿ ಮಾರುವುದು ಲೇಸು.