ಮೆಣಸಿನ ಮೂಟೆ, ಮೂರು ದಿನದ ಬಡ್ಡಿ

ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು ಬೆಳೆಗಾರರ ಪಾಲಿಗೆ ಬಹುಕಾಲ ಉಪಬೆಳೆಯೇ ಆಗಿತ್ತು. ಕಾಫಿಯ ಧಾರಣೆ ಕುಸಿದ ವರ್ಷಗಳಲ್ಲಿ ಅನೇಕ ಮನೆಗಳ ಖರ್ಚನ್ನು ತೂಗಿಸಿದ್ದೂ ಇದೇ ಬೆಳೆ. ಈ ಮೆಣಸು ವಿದೇಶಕ್ಕೆ ಹೊರಟಾಗ ಕಾಳಿನ ತೂಕ, ತೇವಾಂಶಗಳ ಜೊತೆಗೆ ಕಣ್ಣಿಗೆ ಕಾಣದ ಮತ್ತೊಂದು ಅಂಶವೂ ಲೆಕ್ಕಕ್ಕೆ ಬರುತ್ತದೆ. ಅದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. 25 ಗ್ರಾಂ ಮಾದರಿಯಲ್ಲಿ ಅದು ಇರಲೇಕೂಡದು ಎಂಬುದು ನಮ್ಮ ದೇಶದ ನಿಯಮವೂ ಹೌದು.

ಒಣಗಿದ ಕಾಳಿನಲ್ಲಿ ಈ ಜೀವಿ ವೃದ್ಧಿಯಾಗದು. ಆದರೆ ತಿಂಗಳುಗಟ್ಟಲೆ ಬದುಕಿರಬಲ್ಲದು. 2009-10ರಲ್ಲಿ ಅಮೆರಿಕದಲ್ಲಿ ಮೆಣಸು ಸವರಿದ ಮಾಂಸದ ತಿನಿಸಿನಿಂದ 272 ಮಂದಿ ಅಸ್ವಸ್ಥರಾದರು. ದೂರದೂರದ ರಾಜ್ಯಗಳ ರೋಗಿಗಳಿಗೆ ತಗುಲಿದ್ದು ಒಂದೇ ತಳಿ ಎಂಬುದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಹೋಲಿಸಿದಾಗ ತಿಳಿದುಬಂತು.

ಮಾದರಿಯನ್ನು ಪೋಷಕ ದ್ರವದಲ್ಲಿಟ್ಟು ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಹಳೆಯ ವಿಧಾನಕ್ಕೆ ಮೂರರಿಂದ ಐದು ದಿನ ಬೇಕು. 1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಪಿಸಿಆರ್ ತಂತ್ರದಲ್ಲಿ ಜೀವಿಯನ್ನಲ್ಲ, ಅದಕ್ಕೇ ವಿಶಿಷ್ಟವಾದ ಡಿಎನ್‌ಎ ತುಣುಕನ್ನು ಹುಡುಕಲಾಗುತ್ತದೆ. ಪ್ರತಿ ಸುತ್ತಿನಲ್ಲೂ ಆ ತುಣುಕು ಇಮ್ಮಡಿಯಾಗುತ್ತದೆ. ಲೆಕ್ಕದ ಪ್ರಕಾರ 30 ಸುತ್ತುಗಳಲ್ಲಿ ಒಂದು ತುಣುಕು ನೂರು ಕೋಟಿ ಮೀರುತ್ತದೆ. ಚಕ್ರಬಡ್ಡಿಯನ್ನು ಬಲ್ಲ ವರ್ತಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾದರಿಯನ್ನು ಒಂದು ರಾತ್ರಿ ಪೋಷಕ ದ್ರವದಲ್ಲಿಡುವುದು ಇಲ್ಲಿಯೂ ತಪ್ಪದು. ಆದರೂ ಮರುದಿನವೇ ಉತ್ತರ ಸಿಗುತ್ತದೆ.

ಒಂದು ಕೋಟಿ ರೂಪಾಯಿಯ ದಾಸ್ತಾನಿಗೆ ವಾರ್ಷಿಕ ಶೇ. 12ರ ಬಡ್ಡಿ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 3,290 ರೂಪಾಯಿ. ಮೂರು ದಿನ ಉಳಿದರೆ ಹತ್ತು ಸಾವಿರದಷ್ಟು ಉಳಿತಾಯ. ಹಡಗು ತಪ್ಪಿದರೆ ಆಗುವ ನಷ್ಟ ಬೇರೆ.

ಆದರೆ ಈ ವರದಿಯನ್ನು ಓದುವಾಗ ಎಚ್ಚರ ಅಗತ್ಯ. ಉಗಿಯಿಂದ ಸಂಸ್ಕರಿಸಿದ ಮೆಣಸಿನಲ್ಲಿ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಕೆಲವೊಮ್ಮೆ ಪಿಸಿಆರ್‌ಗೆ ಸಿಕ್ಕಿಬೀಳುತ್ತದೆ. ಆದ್ದರಿಂದ ‘ಇದೆ’ ಎಂಬ ಫಲಿತಾಂಶವನ್ನು ಹಳೆಯ ವಿಧಾನದಿಂದ ದೃಢಪಡಿಸಿಕೊಳ್ಳದೆ ಸರಕನ್ನು ತಿರಸ್ಕರಿಸುವುದು ನ್ಯಾಯವಲ್ಲ. ಇದಕ್ಕೆ ವಿರುದ್ಧವಾಗಿ, ಸಾಂಬಾರ ಪದಾರ್ಥಗಳಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ಪಿಸಿಆರ್ ಕ್ರಿಯೆಯನ್ನೇ ತಡೆದು, ಇದ್ದದ್ದನ್ನು ಇಲ್ಲವೆಂದು ತೋರಿಸಲೂಬಹುದು. ಒಳ್ಳೆಯ ಪ್ರಯೋಗಾಲಯಗಳು ಇದನ್ನು ಪತ್ತೆಹಚ್ಚಲು ಪ್ರತಿ ಪರೀಕ್ಷೆಯಲ್ಲೂ ತಾಳೆ ನೋಡುವ ಡಿಎನ್‌ಎಯನ್ನು ಸೇರಿಸುತ್ತವೆ. ಖರೀದಿ ಒಪ್ಪಂದದಲ್ಲಿ ಪರೀಕ್ಷೆಯ ವಿಧಾನವನ್ನೂ ಮರುಪರೀಕ್ಷೆಯ ಹಕ್ಕನ್ನೂ ಸ್ಪಷ್ಟವಾಗಿ ನಮೂದಿಸುವುದು ರಫ್ತುದಾರರಿಗೆ ಕ್ಷೇಮ.

ಇನ್ನು ಮಾದರಿಯ ಮಾತು. ಐದು ಕಡೆ 25 ಗ್ರಾಂನಂತೆ ತೆಗೆದರೂ ಒಟ್ಟು 125 ಗ್ರಾಂ. ಹದಿನೈದು ಟನ್ ಸರಕಿನಲ್ಲಿ ಅದು ಒಂದು ಲಕ್ಷ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಕೆಲವೇ ವೋಚರುಗಳನ್ನು ನೋಡಿ ಇಡೀ ವರ್ಷದ ಲೆಕ್ಕಕ್ಕೆ ಸಹಿ ಹಾಕುವ ಲೆಕ್ಕಪರಿಶೋಧಕರಿಗೂ ಈ ಪ್ರಮಾಣ ಅಳುಕು ತರಿಸೀತು. ಒಂದು ಮೂಲೆಯ ನಾಲ್ಕು ಮೂಟೆಗಳಲ್ಲಿ ಮಾತ್ರ ಸೋಂಕಿದ್ದರೆ ಎಂಥ ಯಂತ್ರವೂ ಅದನ್ನು ಕಾಣಲಾರದು.

ಹಾಗಾಗಿ ದೃಷ್ಟಿ ಮತ್ತೆ ತೋಟದ ಕಣದ ಕಡೆಗೇ ಹೊರಳುತ್ತದೆ. ಮಣ್ಣಿನ ನೆಲ, ಹಕ್ಕಿಯ ಹಿಕ್ಕೆ, ಹಲ್ಲಿ, ಕೊಳಕು ನೀರು ಇವೇ ಸೋಂಕಿನ ದಾರಿಗಳು. ಬಿಡಿಸಿದ ಹಸಿ ಕಾಳನ್ನು ಬಿದಿರ ಬುಟ್ಟಿಯಲ್ಲಿ ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ, ಶುಚಿಯಾದ ಸಿಮೆಂಟ್ ಕಣದಲ್ಲಿ ಹರಡಿದರೆ ಸೂಕ್ಷ್ಮಜೀವಿಗಳು ಗಣನೀಯವಾಗಿ ಕಡಿಮೆಯಾಗುತ್ತವೆ, ಕಾಳು ಬೇಗ ಒಣಗುತ್ತದೆ, ಬಣ್ಣವೂ ಒಪ್ಪವಾಗಿರುತ್ತದೆ. ಇದಕ್ಕೆ ತಗಲುವ ಸೌದೆ ಮತ್ತು ಆಳಿನ ಕೂಲಿ ಇಂದಿಗೂ ಬೆಳೆಗಾರನ ಖಾತೆಗೇ ಬೀಳುತ್ತದೆ. ಖರೀದಿ ದರದಲ್ಲಿ ಅದಕ್ಕೆ ಒಂದಿಷ್ಟು ಹೆಚ್ಚುವರಿ ಕೊಡುವ ವರ್ತಕರಿಗೆ ಸ್ವಚ್ಛ ಮೆಣಸು ತಾನಾಗಿ ಹುಡುಕಿಕೊಂಡು ಬಂದೀತು.