ಕಾಯಿದೆಯಿಂದ ಕೋವಿಯ ಬಾಯಿ ಕಟ್ಟಬಹುದೇ?

ದ್ವೇಷವು ಮನಸ್ಸಿನಲ್ಲಿರುವಾಗ ಕೋವಿಯನ್ನು ಕಿತ್ತುಕೊಂಡು ಫಲವೇನು? ಕೋವಿ ಸಿಕ್ಕದವನು ಮಚ್ಚು ಹಿಡಿದಾನು ಎಂದು ವಾದಿಸುವವರುಂಟು. ನಮ್ಮ ಚರ್ಚಾಕೂಟದಲ್ಲಿಯೂ ಈ ಮಾತು ಬಂದಿತು. ವಾದಕ್ಕಿಂತ ಅನುಭವ ದೊಡ್ಡದು. ಆದುದರಿಂದ ಒಂದು ದೇಶದ ಅನುಭವವನ್ನು ಸಹಪಾಠಿಗಳ ಮುಂದಿಡಬಯಸುತ್ತೇನೆ.

1996ರ ಏಪ್ರಿಲ್ 28ರಂದು ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದಲ್ಲಿ, ಪೋರ್ಟ್ ಆರ್ಥರ್ ಎಂಬ ಪ್ರವಾಸಿ ಸ್ಥಳದಲ್ಲಿ, ಒಬ್ಬನೇ ಮನುಷ್ಯ 35 ಮಂದಿಯನ್ನು ಕೊಂದನು. ಅವರಲ್ಲಿ 20 ಮಂದಿ ಸತ್ತದ್ದು ಒಂದು ಉಪಾಹಾರ ಗೃಹದ ಕಟ್ಟಡದಲ್ಲಿ, ಒಂದೆರಡು ನಿಮಿಷಗಳೊಳಗೆ. ಮಚ್ಚಿನ ವಾದಕ್ಕೆ ಉತ್ತರ ಇಲ್ಲಿಯೇ ಇದೆ. ಮಚ್ಚು ಹಿಡಿದವನಿಂದ ಓಡಿ ಪಾರಾಗಬಹುದು. ನಾಲ್ವರು ಸೇರಿ ಅವನನ್ನು ಹಿಡಿಯಲೂಬಹುದು. ಒಂದು ಗುಂಡು ಹಾರಿದೊಡನೆ ತಾನಾಗಿಯೇ ಮತ್ತೊಂದನ್ನು ತುಂಬಿಕೊಳ್ಳುವ ಅರೆ-ಸ್ವಯಂಚಾಲಿತ ಬಂದೂಕಿನ ಮುಂದೆ ಅಂಥ ಅವಕಾಶವೆಲ್ಲಿ?

ಅಲ್ಲಿ ಬಂದೂಕಿನ ಕಾಯಿದೆ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು. ಆದರೂ ಅಂದಿನ ಪ್ರಧಾನಿ ಜಾನ್ ಹೋವರ್ಡ್ ಅವರ ಒತ್ತಾಯದಿಂದ 12 ದಿನಗಳಲ್ಲಿ, ಮೇ 10ರಂದೇ, ಎಲ್ಲ ರಾಜ್ಯಗಳೂ ಒಂದು ಒಪ್ಪಂದಕ್ಕೆ ಬಂದವು. ಅರೆ-ಸ್ವಯಂಚಾಲಿತ ರೈಫಲುಗಳು ಜನಸಾಮಾನ್ಯರಿಗೆ ನಿಷಿದ್ಧವಾದವು. ಪ್ರತಿಯೊಂದು ಕೋವಿಗೂ ನೋಂದಣಿ, ಕೊಳ್ಳುವ ಮೊದಲು 28 ದಿನ ಕಾಯುವುದು, ಲೈಸೆನ್ಸಿಗೆ ತಕ್ಕ ಕಾರಣ ತೋರಿಸುವುದು ಕಡ್ಡಾಯವಾಯಿತು. ಆತ್ಮರಕ್ಷಣೆಯೆಂಬುದು ತಕ್ಕ ಕಾರಣವೆನಿಸಲಿಲ್ಲ. ಸರ್ಕಾರವು ಬೆಲೆ ಕೊಟ್ಟು ಸುಮಾರು 6,50,000 ಬಂದೂಕುಗಳನ್ನು ಕೊಂಡು ನಾಶಮಾಡಿತು. ಅದಕ್ಕಾಗಿ ಜನರಿಂದ ಒಂದು ಸಲದ ತೆರಿಗೆಯನ್ನೂ ಎತ್ತಿತು.

ರೈತರಲ್ಲಿ ಅನೇಕರು ವಿರೋಧಿಸಿದರು. ನಾನು ಒಕ್ಕಲು ಮನೆತನದಿಂದ ಕಾಲೇಜಿಗೆ ಬಂದ ಮೊದಲಿಗ. ಹಂದಿ ನುಗ್ಗಿದ ಹೊಲದ ಸಂಕಟವನ್ನು ಬಲ್ಲೆ. ರೈತನಿಗೆ ಕೋವಿ ಗುದ್ದಲಿಯಂತೆ ಒಂದು ಸಲಕರಣೆ. ಆದರೆ ಆ ಕಾಯಿದೆ ಬೇಸಾಯವನ್ನು ತಕ್ಕ ಕಾರಣವೆಂದು ಒಪ್ಪಿತು. ಹಂದಿಯನ್ನು ಹೆದರಿಸುವ ಕೋವಿ ಬೇರೆ, ನಿಮಿಷದಲ್ಲಿ ಇಪ್ಪತ್ತು ಹೆಣ ಕೆಡಹುವ ಕೋವಿ ಬೇರೆ ಎಂಬ ವಿವೇಕ ಅದರಲ್ಲಿದೆ.

ಫಲವೇನಾಯಿತು? ಐದಕ್ಕಿಂತ ಕಡಮೆಯಿಲ್ಲದೆ ಜನ ಸತ್ತ ಗುಂಡಿನ ಹತ್ಯಾಕಾಂಡಗಳು ಹಿಂದಿನ 18 ವರ್ಷಗಳಲ್ಲಿ 13 ನಡೆದಿದ್ದವು. ಆಮೇಲೆ 2018ರವರೆಗೆ ಒಂದೂ ನಡೆಯಲಿಲ್ಲ. ಬಂದೂಕಿನ ಸಾವುಗಳು ಮೊದಲೇ ಇಳಿಯುತ್ತಿದ್ದವೆಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಅದು ನಿಜ. ಆದರೆ ಸಾಮೂಹಿಕ ಹತ್ಯೆಗಳು ಹೀಗೆ ಒಮ್ಮೆಗೇ ನಿಂತದ್ದಕ್ಕೆ ಅದಷ್ಟೇ ಸಮಾಧಾನವಾಗಲಾರದು.

2025ರ ಡಿಸೆಂಬರ್ 14ರಂದು ಸಿಡ್ನಿಯ ಬೊಂಡೈ ಕಡಲತೀರದಲ್ಲಿ, ಯೆಹೂದ್ಯರ ಹಬ್ಬದ ಕೂಟದ ಮೇಲೆ ಇಬ್ಬರು ಗುಂಡು ಹಾರಿಸಿ 15 ಮಂದಿಯನ್ನು ಕೊಂದರು. ಅವರಲ್ಲೊಬ್ಬನಿಗೆ ಲೈಸೆನ್ಸು ಇತ್ತು. ಹಾಗಾದರೆ ಕಾಯಿದೆ ಸೋತಿತೇ? ನನಗೆ ಹಾಗೆ ತೋರುವುದಿಲ್ಲ. ಕಾಯಿದೆಯೆಂಬುದು ಕೆರೆಯ ಏರಿಯಂತೆ. ಒಮ್ಮೆ ಕಟ್ಟಿದರೆ ಸಾಲದು. ಎಲ್ಲಿ ಬಿಲ ಬಿದ್ದಿದೆಯೆಂದು ವರ್ಷವರ್ಷವೂ ನೋಡಬೇಕು. ಏರಿ ಒಮ್ಮೆ ಒಡೆಯಿತೆಂದು ಕೆರೆ ಕಟ್ಟುವುದನ್ನೇ ಬಿಡುವ ಊರುಂಟೇ? ದ್ವೇಷವನ್ನು ಕಾಯಿದೆ ಅಳಿಸಲಾರದು, ಅದು ಶಿಕ್ಷಣದ ಕೆಲಸ. ದ್ವೇಷದ ಕೈಗೆ ಕೋವಿ ಸುಲಭವಾಗಿ ಸಿಕ್ಕದಂತೆ ಮಾಡುವುದು ಮಾತ್ರ ಕಾಯಿದೆಯ ಕೆಲಸವೇ ಸರಿ.